ಹನ್ನೊಂದು ಸೆಕೆಂಡು ತಡವಾದ ಮಾತು

ಮೇಸ್ತ್ರಿಯ ಗಂಟಲಿಗೆ ಆಪರೇಷನ್ ಆಗಿ ಹದಿನಾಲ್ಕು ತಿಂಗಳಾಗಿತ್ತು. ಕಾಯಿಲೆ ಹೋಯಿತು, ಅದರ ಜೊತೆ ದನಿಯೂ ಹೋಯಿತು. ಜೀವ, ದನಿ ಎರಡರಲ್ಲಿ ಒಂದನ್ನಷ್ಟೇ ಉಳಿಸಬಹುದು ಎಂದು ಡಾಕ್ಟರು ಮೊದಲೇ ಹೇಳಿದಾಗ, ಯೋಚಿಸಲು ಒಂದು ದಿನ ಬೇಕು ಎಂದು ಮೇಸ್ತ್ರಿ ಕೇಳಿದ್ದರು. ಅದನ್ನು ಅವರ ಹೆಂಡತಿ ಇವತ್ತಿಗೂ ಮರೆತಿಲ್ಲ.

ಮೇಸ್ತ್ರಿಯ ಕಡೆಯಿಂದ ನೋಡಿದರೆ ಒಂದು ದಿನ ಹೆಚ್ಚೇನೂ ಅಲ್ಲ. ಪಂಪು, ಮೋಟಾರು, ಗಿರಣಿಗಳಿಗೆ ಕಬ್ಬಿಣದ ಬಿಡಿಭಾಗ ಕಡೆದುಕೊಡುವ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಕಳೆದವರು ಅವರು. ಕಬ್ಬಿಣವನ್ನು ತಿರುಗಿಸಿ ಕಡೆಯುವ ಐದು ಲೇತ್ ಯಂತ್ರ, ಅವನ್ನು ನಡೆಸುವ ಐದು ಜನ ಟರ್ನರುಗಳು, ಅವರೆಲ್ಲರ ಮೇಲೆ ಮೇಸ್ತ್ರಿ. ಕೈಯಾರೆ ಮಾಡಿದ ಕೆಲಸಕ್ಕಿಂತ ಬಾಯಿಂದ ಮಾಡಿಸಿದ್ದೇ ಜಾಸ್ತಿ. ಐದೂ ಯಂತ್ರ ಒಟ್ಟಿಗೆ ಕಿರುಚುತ್ತಿದ್ದರೂ ಅವರ ಮಾತು ನಿಲ್ಲುತ್ತಿರಲಿಲ್ಲವಾದ್ದರಿಂದ ಟರ್ನರುಗಳು ಬೆನ್ನ ಹಿಂದೆ ಅವರನ್ನು ‘ರೇಡಿಯೊ’ ಎನ್ನುತ್ತಿದ್ದರು. ಬೆನ್ನ ಹಿಂದೆ ಅಂದರೂ ಅವರಿಗೆ ಕೇಳಿಸುವ ಹಾಗೇ. ಆಪರೇಷನ್ ಆದ ಮೇಲೆ ಆ ಹೆಸರನ್ನು ಯಾರೂ ಎತ್ತಲಿಲ್ಲ. ಪಾಪ, ಮರ್ಯಾದೆಗೆಂದು ಬಿಟ್ಟರು. ಮೇಸ್ತ್ರಿಯನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಆ ಮರ್ಯಾದೆಯೇ.

ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಸಣ್ಣ ಸಾಧನವೊಂದಿತ್ತು. ಅದು ಅವರಿಗೆ ಒಗ್ಗಲಿಲ್ಲ, ಚರ್ಮ ಕೆಂಪಾಗಿ ಉರಿಯತೊಡಗಿತು. ಚೀಟಿ ಬರೆದು ತೋರಿಸಿ ನೋಡಿದರು. ಚೀಟಿಯನ್ನು ಯಾರಾದರೂ ಎಣ್ಣೆಗೈ ಒರೆಸಿಕೊಂಡು ತೆಗೆದುಕೊಳ್ಳಬೇಕು, ಕನ್ನಡಕ ಹುಡುಕಬೇಕು, ಬೆಳಕಿಗೆ ಹಿಡಿದು ಓದಬೇಕು. ಓದಲು ಮನಸ್ಸಿಲ್ಲದವರು ಮಡಚಿ ಜೇಬಿಗೆ ಇಳಿಸಿದರೆ ಅಲ್ಲಿಗೆ ಮುಗಿಯಿತು.

ಕೊನೆಗೆ ದಾರಿ ಹುಡುಕಿದವಳು ಮಗಳು. ಅವಳು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಟೀಚರು, ಎರಡು ಬೀದಿ ಆಚೆ ಬೇರೆ ಮನೆ ಮಾಡಿಕೊಂಡಿದ್ದಳು. ತನ್ನ ಹಳೆಯ ಲ್ಯಾಪ್‌ಟಾಪಿಗೆ ಒಂದು ಸ್ಪೀಕರ್ ಸಿಕ್ಕಿಸಿ, ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದುವ ಪ್ರೋಗ್ರಾಮ್ ಹಾಕಿ ಅಪ್ಪನಿಗೆ ಕೊಟ್ಟಳು. ಅಷ್ಟೇ ಆಗಿದ್ದರೆ ದೊಡ್ಡ ಮಾತಲ್ಲ. ಅದು ಓದುತ್ತಿದ್ದದ್ದು ಅಪ್ಪನದೇ ದನಿಯಲ್ಲಿ. ಆರು ವರ್ಷ ಅವಳು ಪಾಠದ ವೇಳೆ ಫೋನ್ ಎತ್ತದಿದ್ದಾಗಲೆಲ್ಲ ಮೇಸ್ತ್ರಿ ಸಂದೇಶ ಬಿಟ್ಟಿದ್ದರು. ಅಂಥ ನಾನೂರು ಸಂದೇಶ ಅವಳ ಫೋನಿನಲ್ಲಿ ಹಾಗೇ ಉಳಿದಿದ್ದವು. ಮೂರು ತಿಂಗಳು ಸಂಜೆಗಳನ್ನೆಲ್ಲ ಅದಕ್ಕೇ ಸುರಿದು, ಆ ಸಂದೇಶಗಳಿಂದ ಅವಳು ದನಿಯನ್ನು ಕಟ್ಟಿದ್ದಳು. ಆದರೆ ಮುಕ್ಕಾಲು ಪಾಲು ಸಂದೇಶಗಳು ಬೈಗುಳ. ಫೋನ್ ಯಾಕೆ ಎತ್ತಲ್ಲ, ಸ್ಕೂಟರಿಗೆ ಎಣ್ಣೆ ಹಾಕಿಸಿದ್ಯಾ ಇಲ್ವಾ, ಗ್ಯಾಸ್ ಆರಿಸಿದ್ಯಾ. ಹಾಗಾಗಿ ಮಿಷನ್ನಿನ ದನಿಗೂ ಒಂದು ಗದರಿಕೆ ಅಂಟಿಕೊಂಡಿತು. ಮೊದಲ ದಿನ ಊಟಕ್ಕೆ ಕೂತು “ಉಪ್ಪು ಕೊಡು” ಎಂದು ಅದು ಹೇಳಿದಾಗ, ಉಪ್ಪು ಕಡಿಮೆಯಾದದ್ದು ಇಡೀ ಮನೆಯ ತಪ್ಪು ಎನ್ನುವ ಹಾಗಿತ್ತು. ಹೆಂಡತಿ ಉಪ್ಪಿನ ಡಬ್ಬಿ ಹಿಡಿದುಕೊಂಡೇ ಅತ್ತುಬಿಟ್ಟಳು.

ತೊಂದರೆ ಒಂದೇ. ಟೈಪ್ ಮಾಡಿ ಗುಂಡಿ ಒತ್ತಿದ ಮೇಲೆ ದನಿ ಹೊರಡಲು ಹೊತ್ತು ಹಿಡಿಯುತ್ತಿತ್ತು. ಯಾವ ಕೆಲಸಕ್ಕೆ ಎಷ್ಟು ಸಮಯ ಎಂದು ಅಳೆಯಲು ಮೇಸ್ತ್ರಿಯ ಜೇಬಿನಲ್ಲಿ ಯಾವಾಗಲೂ ಒಂದು ಸ್ಟಾಪ್‌ವಾಚ್ ಇರುತ್ತಿತ್ತು. ಅಳೆದರು. ಹನ್ನೊಂದು ಸೆಕೆಂಡು.

ಹನ್ನೊಂದು ಸೆಕೆಂಡು ಎಂದರೆ ಏನು ಮಹಾ ಎನ್ನಿಸಬಹುದು. ನಾಲ್ಕು ಜನ ಮಾತಾಡುತ್ತಿರುವಲ್ಲಿ ಹನ್ನೊಂದು ಸೆಕೆಂಡು ಬಾಯಿ ಮುಚ್ಚಿ ಕೂತು ನೋಡಿದರೆ ಗೊತ್ತಾಗುತ್ತದೆ. ಅಷ್ಟರಲ್ಲಿ ಮಾತು ಎಲ್ಲಿಂದ ಎಲ್ಲಿಗೋ ಹೋಗಿರುತ್ತದೆ. ಮೇಸ್ತ್ರಿಯ ಜೋಕಿಗೆ ನಗುವವರು ಆಗಲೇ ಬೇರೆ ಜೋಕಿಗೆ ನಕ್ಕು ಮುಗಿಸಿರುತ್ತಿದ್ದರು. ಮನೆಯಲ್ಲಿ ಹೆಂಡತಿ ಅವರ ವಾಕ್ಯಗಳನ್ನು ತಾನೇ ಮುಗಿಸಲು ಶುರುಮಾಡಿದ್ದಳು, ಅದೂ ತನಗೆ ಬೇಕಾದ ಹಾಗೆ. ವರ್ಕ್‌ಶಾಪಿನಲ್ಲಿ ಎಲ್ಲರೂ ಅವರ ಮಾತಿಗೆ ತಲೆಯಾಡಿಸುತ್ತಿದ್ದರು, ಯಾರೂ ಉತ್ತರ ಕೊಡುತ್ತಿರಲಿಲ್ಲ.

ಇದಕ್ಕೆ ಅವರೊಂದು ಉಪಾಯ ಕಂಡುಕೊಂಡಿದ್ದರು. ಹೇಳಬೇಕಾದ್ದರ ಮೊದಲ ಪದವನ್ನಷ್ಟೇ ಟೈಪ್ ಮಾಡಿ ಗುಂಡಿ ಒತ್ತಿಬಿಡುವುದು. ಅದು ಹೊರಡುವಷ್ಟರಲ್ಲಿ ಉಳಿದದ್ದನ್ನು ಟೈಪ್ ಮಾಡಿಕೊಳ್ಳುವುದು. ಹೊರಡಲಿರುವ ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಮೇಸ್ತ್ರಿಗೆ ಕೈಕೊಟ್ಟದ್ದು ಈ ಉಪಾಯವೇ.

ಪ್ರತಿ ಶನಿವಾರ ಬೆಳಿಗ್ಗೆ ಯಂತ್ರಗಳನ್ನು ಆರಿಸಿ, ಚಹಾದ ಲೋಟ ಹಿಡಿದು ಎಲ್ಲರೂ ಮಾಲೀಕರ ಮೇಜಿನ ಸುತ್ತ ಸೇರುತ್ತಿದ್ದರು. ಮುಂದಿನ ವಾರದ ಕೆಲಸ ಯಾರಿಗೆ, ಹೇಗೆ ಎಂದು ತೀರ್ಮಾನವಾಗುತ್ತಿದ್ದದ್ದು ಅಲ್ಲಿ. ಆ ಶನಿವಾರ ಒಂದು ಪಂಪಿಗೆ ಆಳುದ್ದದ, ತೆಳ್ಳಗಿನ ಶಾಫ್ಟ್, ಅಂದರೆ ಒಳಗೆ ತಿರುಗುವ ದಂಡ, ಬೇಕಾಗಿತ್ತು. ಅವಸರದ ಕೆಲಸ. ನಡುವೆ ಆಸರೆಯ ಚೌಕಟ್ಟು ಕಟ್ಟುತ್ತ ಕೂರುವುದು ಬೇಡ, ಎರಡು ತುದಿ ಹಿಡಿದು ಒಂದೇ ಏಟಿಗೆ ಕಡೆದುಬಿಡೋಣ ಎಂದರು ಮಾಲೀಕರು. ಎರಡನೇ ಯಂತ್ರದ ಟರ್ನರ್ ತಕ್ಷಣ “ಸರಿ ಸರ್” ಎಂದ. ಅವನು ಯಾವುದಕ್ಕೂ ಹಾಗೆನ್ನುವವನೇ. ಅವನಿಗೆ ‘ಸರಿಸರ್’ ಎಂದು ಹೆಸರಿಟ್ಟದ್ದು ಮೇಸ್ತ್ರಿಯೇ, ದನಿ ಇದ್ದ ಕಾಲದಲ್ಲಿ.

ಉದ್ದನೆಯ ತೆಳು ಶಾಫ್ಟಿಗೆ ನಡುವೆ ಆಸರೆ ಇಲ್ಲದಿದ್ದರೆ ಅದು ತಿರುಗುತ್ತ ತಿರುಗುತ್ತ ಬಾಗುತ್ತದೆ. ಮೇಸ್ತ್ರಿ ‘ಬೇಡ’ ಎಂದು ಟೈಪ್ ಮಾಡಿ ಗುಂಡಿ ಒತ್ತಿದರು. ಉಳಿದದ್ದನ್ನು ಟೈಪ್ ಮಾಡತೊಡಗಿದರು. ಅಷ್ಟರಲ್ಲಿ ಮಾಲೀಕರು ಶಾಫ್ಟಿನ ಮಾತು ಮುಗಿಯಿತೆಂದು ಅವರ ಕಡೆ ತಿರುಗಿ, ಬಹಳ ಮೆತ್ತಗೆ ಕೇಳಿದರು. “ಮೇಸ್ತ್ರಿ, ನಿಮಗೂ ಕಷ್ಟ ಆಗ್ತಾ ಇದೆ. ಮುಂದಿನ ತಿಂಗಳಿಂದಾನೂ ಮೇಸ್ತ್ರಿ ಕೆಲಸ ನೀವೇ ನೋಡ್ಕೋತೀರಾ?”

“ಬೇಡ” ಎಂದಿತು ಲ್ಯಾಪ್‌ಟಾಪು. ಗದರಿಕೆಯ ದನಿ ಬೇರೆ. ಎರಡನೇ ಸಲ ಕೇಳುವ ಹಾಗೇ ಇರಲಿಲ್ಲ.

ಹಾಗಲ್ಲ, ಶಾಫ್ಟಿಗೆ ಹೇಳಿದ್ದು ಎಂದು ಬರೆಯಲು ಮೇಸ್ತ್ರಿ ಬೆರಳೆತ್ತಿದವರು ಮಾಲೀಕರ ಮುಖ ನೋಡಿದರು. ಅಲ್ಲಿ ಕಂಡದ್ದು ನಿರಾಳ. ತಿಂಗಳುಗಟ್ಟಲೆ ಹೇಳಲಾಗದೆ ಒದ್ದಾಡುತ್ತಿದ್ದ ಮಾತನ್ನು ಎದುರಿನವರೇ ಹೇಳಿಬಿಟ್ಟರೆ ಆಗುವ ನಿರಾಳ. ಅದನ್ನು ಕಂಡ ಮೇಲೆ ಮೇಸ್ತ್ರಿಗೆ ಕೈ ಓಡಲಿಲ್ಲ. ಮಾಲೀಕರು ಎದ್ದು ಬಂದು ಅವರ ಎರಡೂ ಕೈ ಹಿಡಿದುಕೊಂಡರು. ಕೈ ಹಿಡಿದರೆ ಟೈಪ್ ಮಾಡುವುದೆಲ್ಲಿಂದ ಬಂತು. ಮುಂದಿನ ಶನಿವಾರ ಎಲ್ಲರ ಎದುರು ಸರಿಸರ್‌ಗೆ ಜವಾಬ್ದಾರಿ ವಹಿಸೋಣ, ಅಲ್ಲಿಯವರೆಗೆ ನೀವು ಮನೆಯಲ್ಲಿ ಆರಾಮಾಗಿರಿ ಎಂದರು.

ಭಾನುವಾರ ಇಡೀ ದಿನ ಮೇಸ್ತ್ರಿ ಅದನ್ನೇ ಲೆಕ್ಕ ಹಾಕಿದರು. ಒಂದು ಚೀಟಿ ಬರೆದು ಕಳಿಸಿದರೆ ತಪ್ಪು ತಿಳಿವಳಿಕೆ ಸರಿಹೋಗುತ್ತಿತ್ತು, ನಿಜ. ಆದರೆ ಅದರಿಂದ ಮಾಲೀಕರ ಮುಖದ ನಿರಾಳ ಹೋಗುವುದಿಲ್ಲ. ಹನ್ನೊಂದು ಸೆಕೆಂಡು ಹೋಗಬೇಕು. ಅದು ಹೋಗದಿದ್ದರೆ ತಾನು ಮೇಸ್ತ್ರಿಯಾಗಿ ಉಳಿದೂ ಪ್ರಯೋಜನವಿಲ್ಲ ಎಂದು ಅವರಿಗೇ ಅನ್ನಿಸಿತು. ಯಂತ್ರ ನಿಧಾನವಾಯಿತು ಎಂದರೆ ಎಲ್ಲೋ ಸವೆದಿದೆ, ಇಲ್ಲವೇ ಬೆಲ್ಟು ಜಾರುತ್ತಿದೆ. ಅವರಿಗೆ ಗೊತ್ತಿದ್ದ ಲೆಕ್ಕ ಅದು. ಸೋಮವಾರ ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ರಿಪೇರಿ ಅಂಗಡಿಗೆ ಹೋದರು.

ಅಂಗಡಿ ಒಂದು ಓಣಿಯ ಕೊನೆಗೆ, ಮೆಟ್ಟಿಲ ಕೆಳಗೆ ಇತ್ತು. ಇಬ್ಬರು ನಿಂತರೆ ಮೂರನೆಯವರು ಹೊರಗೆ. ರಿಪೇರಿ ಮಾಡುವಾಕೆ ನಲವತ್ತರ ಹೆಂಗಸು, ಕೂದಲಲ್ಲಿ ಒಂದು ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿದ್ದಳು. ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿದವಳೇ, ಇದನ್ನ ಎಲ್ಲಿ ಇಟ್ಕೊಂಡು ಕೆಲಸ ಮಾಡ್ತೀರಿ ಎಂದು ಕೇಳಿದಳು. ಒಳಗಿನ ಸಣ್ಣ ಫ್ಯಾನಿನ ಬಾಯಿಗೆ ಬೂದುಬಣ್ಣದ ದಪ್ಪ ಪದರ ಕೂತಿತ್ತು. ಎರಕದ ಕಬ್ಬಿಣದ ಪುಡಿ. ಐದು ಯಂತ್ರಗಳ ಅಡಿಯನ್ನು ದಿನಾ ಗುಡಿಸಿಸುವ ಮೇಸ್ತ್ರಿಗೆ ನಾಚಿಕೆಯಾಯಿತು. ಗಾಳಿ ಆಡದೆ ಒಳಗಿನ ಪ್ರೊಸೆಸರ್ ಕಾದು, ಕೆಟ್ಟುಹೋಗಬಾರದೆಂದು ತನ್ನ ವೇಗವನ್ನು ತಾನೇ ಇಳಿಸಿಕೊಂಡಿದೆ ಎಂದಳು ಆಕೆ. ಧೂಳು ತೆಗೆದು, ಶಾಖ ಎಳೆಯುವ ಹೊಸ ಪೇಸ್ಟ್ ಹಚ್ಚಿ ಮುಚ್ಚಿದಳು. ಮೇಸ್ತ್ರಿ ಸ್ಟಾಪ್‌ವಾಚ್ ಒತ್ತಿದರು. ಎಂಟೂವರೆ ಸೆಕೆಂಡು.

ಮಾರನೇ ದಿನ ಮೆಮೊರಿ ಹೆಚ್ಚಿಸಿ, ತಿರುಗುವ ಹಳೆಯ ಡಿಸ್ಕ್ ತೆಗೆದು ಹೊಸದು ಹಾಕಿದಳು. ಯಾಕೆ ಎಂದು ಮೇಸ್ತ್ರಿ ಕೇಳಿದರು. ಭಾಗ ಬದಲಿಸಿದವರು ಕಾರಣ ಹೇಳದೆ ಬಿಟ್ಟರೆ ಅವರಿಗೆ ಆಗುತ್ತಿರಲಿಲ್ಲ. ಆಕೆ ಅವರ ಭಾಷೆಯಲ್ಲೇ ಹೇಳಿದಳು. “ಪ್ರೊಸೆಸರ್ ಅಂದ್ರೆ ನಿಮ್ಮ ಟರ್ನರ್. ಮೆಮೊರಿ ಅಂದ್ರೆ ಅವನ ಪಕ್ಕದ ಬೆಂಚು. ಡಿಸ್ಕ್ ಅಂದ್ರೆ ಹಿಂದಿರೋ ಸ್ಟೋರು. ಬೆಂಚು ಚಿಕ್ಕದಾದ್ರೆ ಅವನು ಒಂದೊಂದು ಟೂಲಿಗೂ ಸ್ಟೋರಿಗೆ ಓಡ್ತಾನೆ. ನಿಮ್ಮವನು ಇಷ್ಟು ದಿನ ಕೆಲಸ ಮಾಡಿದ್ದಕ್ಕಿಂತ ಓಡಾಡಿದ್ದೇ ಜಾಸ್ತಿ.”

ಮೇಸ್ತ್ರಿಗೆ ಇದು ಎಷ್ಟು ಹಿಡಿಸಿತೆಂದರೆ ಆಕೆಯಿಂದ ಎರಡು ಸಲ ಹೇಳಿಸಿದರು. ಐದು ಸೆಕೆಂಡು.

ಬುಧವಾರ ಮೊದಮೊದಲು ಐದರಿಂದ ಕೆಳಗಿಳಿಯಲಿಲ್ಲ. ಬದಲಿಸುವ ಭಾಗಗಳು ಮುಗಿದಿದ್ದವು. ರಿಪೇರಿಯಾಕೆ ಪ್ರೋಗ್ರಾಮಿನ ಒಳಗೆ ಇಣುಕಿ ನೋಡಿ, ನಿಮ್ಮ ಮಗಳು ನೀವು ಇದರಲ್ಲಿ ಆಡಿದ ಮಾತನ್ನೆಲ್ಲ ದನಿ ಸಮೇತ ತೆಗೆದಿಟ್ಟಿದ್ದಾಳೆ ಎಂದಳು. ಹತ್ತೊಂಬತ್ತು ಸಾವಿರ ವಾಕ್ಯ. ಒಮ್ಮೆ ಆಡಿದ ಮಾತನ್ನು ಮತ್ತೆ ಹೊಸದಾಗಿ ತಯಾರಿಸುವ ಶ್ರಮ ಉಳಿಯಲೆಂದು ಹೀಗೆ ಮಾಡಿದ್ದಳು. ರಾಶಿ ಸಣ್ಣದಿದ್ದಾಗ ಅದರಿಂದ ಸಮಯ ಉಳಿದಿತ್ತು. ಈಗ ಮೇಸ್ತ್ರಿ ಹೂಂ ಅಂದರೂ, ಹಿಂದೆ ಯಾವತ್ತಾದರೂ ಹೂಂ ಅಂದಿದ್ದಾರೆಯೇ ಎಂದು ಅದು ಹತ್ತೊಂಬತ್ತು ಸಾವಿರ ವಾಕ್ಯ ತಡಕುತ್ತಿತ್ತು. ಅಳಿಸಲೇ ಎಂದು ಆಕೆ ಕೇಳಿದಳು. ಮೇಸ್ತ್ರಿ ಅಡ್ಡಡ್ಡ ತಲೆಯಾಡಿಸಿದರು. ಆಕೆ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಸಾಗಿಸಿ, ಹುಡುಕುವುದನ್ನು ನಿಲ್ಲಿಸಿದಳು. ಮೂರೂವರೆ.

ಮೂರೂವರೆಗೆ ನಿಂತುಬಿಟ್ಟಿತು. ಇನ್ನುಳಿದದ್ದು ದನಿಯ ಭಾರ ಎಂದಳು ಆಕೆ. ಆ ಗದರಿಕೆ, ಆ ಏರಿಳಿತ, ವಾಕ್ಯದ ಕೊನೆಗೆ ಅವರು ಎಳೆಯುತ್ತಿದ್ದ ಆ ಉಸಿರು, ಒಂದೊಂದಕ್ಕೂ ಲೆಕ್ಕ ಹಾಕಿ ಇಡೀ ವಾಕ್ಯ ಸಿದ್ಧವಾದ ಮೇಲೇ ಅದು ಬಾಯಿ ತೆರೆಯುತ್ತಿತ್ತು. ಮೇಸ್ತ್ರಿ ಟೈಪ್ ಮಾಡಿದರು. “ಹಾಗಾದ್ರೆ ಪ್ರೋಗ್ರಾಮ್ ಅಂದ್ರೆ ಡ್ರಾಯಿಂಗು. ಟರ್ನರ್ ಎಷ್ಟೇ ಜೋರಿದ್ರೂ ಡ್ರಾಯಿಂಗಲ್ಲಿ ನಲವತ್ತು ಕಟಿಂಗ್ ಇದ್ರೆ ನಲವತ್ತೂ ಮಾಡ್ಲೇಬೇಕು.” ಅದೇ ಎಂದಳು ಆಕೆ. ಇನ್ನೂ ದೊಡ್ಡ ಕಂಪ್ಯೂಟರಿನಲ್ಲಿ ಇದೇ ದನಿ ತಕ್ಷಣ ಬರಬಹುದು, ಆದರೆ ಅದನ್ನು ಕಂಕುಳಲ್ಲಿಟ್ಟುಕೊಂಡು ಐದು ಯಂತ್ರಗಳ ನಡುವೆ ಓಡಾಡಲಾಗುವುದಿಲ್ಲ, ಶನಿವಾರದೊಳಗೆ ಬರುವುದೂ ಇಲ್ಲ.

ಮೂರೂವರೆ ಸೆಕೆಂಡಿಗೇ ತೃಪ್ತಿಪಡಬಹುದಿತ್ತು. ಮೇಸ್ತ್ರಿ ಪರೀಕ್ಷೆ ಮಾಡಿ ನೋಡಿದರು. ನನ್ನ ಜೊತೆ ಜಗಳ ಆಡಿ ಎಂದು ರಿಪೇರಿಯಾಕೆಯನ್ನು ಕೇಳಿಕೊಂಡರು. ಆಕೆಗೆ ಅದು ನೀರು ಕುಡಿದಷ್ಟು ಸುಲಭ. ಐದು ನಿಮಿಷ ಜಗಳವಾಯಿತು, ಐದು ನಿಮಿಷವೂ ಆಕೆಯೇ ಗೆದ್ದಳು.

ಆಗ ಆಕೆ ಇನ್ನೊಂದು ದನಿ ತೋರಿಸಿದಳು. ಲ್ಯಾಪ್‌ಟಾಪಿನ ಜೊತೆಗೇ ಬಂದದ್ದು, ಮಗಳು ಪಕ್ಕಕ್ಕೆ ತಳ್ಳಿದ್ದು. ಮೂಗಿನಲ್ಲಿ ಮಾತಾಡುವ, ಸಂತೋಷಕ್ಕೂ ಸಾವಿಗೂ ಒಂದೇ ರಾಗ ಎಳೆಯುವ ತಗಡಿನ ದನಿ. ಅದಕ್ಕೆ ಹೊರುವ ಭಾರವೇ ಇರಲಿಲ್ಲ. ಮೇಸ್ತ್ರಿ ಗುಂಡಿ ಒತ್ತಿದರು, ಸ್ಟಾಪ್‌ವಾಚಿನ ಮುಳ್ಳು ಅಲ್ಲಾಡುವ ಮೊದಲೇ ಅದು ಮಾತಾಡಿಬಿಟ್ಟಿತ್ತು.

ಶುಕ್ರವಾರ ಸಂಜೆ ಮಗಳು ಬಂದಳು. ಅಪ್ಪ ಹೊಸ ದನಿ ಕೇಳಿಸಿದಾಗ ಅವಳ ಮುಖ ಇಳಿದುಹೋಯಿತು. ಹೆಂಡತಿ ಒಳಗಿನಿಂದ ಬಂದು, ಯಾರದು ಮನೆಯೊಳಗೆ ಎಂದು ನೋಡಿ ಹೋದಳು.

“ಇದು ಡಬ್ಬ ಮಾತಾಡಿದ ಹಾಗಿದೆ, ಅಪ್ಪ. ಇದು ನೀವಲ್ಲ. ನಾನು ಮೂರು ತಿಂಗಳು ಕೂತು ಮಾಡಿದ್ದು...”

“ಗೊತ್ತು” ಎಂದಿತು ಡಬ್ಬ.

“ಏನು ಗೊತ್ತು? ನಿಮ್ಮ ದನಿ ಹೋದಾಗ ನನ್ನ ಹತ್ರ ನಾನೂರು ಮಾತಿತ್ತು, ಅಷ್ಟೇ. ನಿಮ್ಮದು ಅಂತ ಉಳಿದಿದ್ದು ಅಷ್ಟೇ. ಅದಕ್ಕೇ ಇದರಲ್ಲಿ ನೀವು ಆಡಿದ್ದು ಒಂದನ್ನೂ ಅಳಿಸದೆ ಇಟ್ಕೊಂಡೆ. ಅದನ್ನೂ ಆಚೆ ಹಾಕ್ಸಿ...”

“ಆಚೆ ಹಾಕಿಲ್ಲ. ಬೇರೆ ಡಿಸ್ಕಲ್ಲಿದೆ.”

“ಮಾತು ಮುಗಿಸೋಕೆ ಬಿಡಿ. ಅಮ್ಮ ಮೊದಲ ದಿನ ಅದನ್ನ ಕೇಳಿ...”

“ಅಮ್ಮನ್ನ ಮಧ್ಯೆ ತರಬೇಡ.”

“ಯಾಕೆ ತರಬಾರದು? ನಿಮ್ಮದು ಯಾವಾಗಲೂ ಇದೇ ಆಯ್ತು. ಒಬ್ಬರು ಒಂದು ಮಾತು ಆಡೋ ಹಾಗಿಲ್ಲ, ಅಷ್ಟರಲ್ಲಿ ಅಡ್ಡ ಬಾಯಿ...”

ಈ ಸಲ ಡಬ್ಬ ಸುಮ್ಮನಿತ್ತು. ಮಾತು ನಿಲ್ಲಿಸಿದವಳು ಮಗಳೇ. ಅಪ್ಪನ ಮುಖ ನೋಡಿದಳು, ಕೀಲಿಮಣೆಯ ಮೇಲೆ ಸಿದ್ಧವಾಗಿದ್ದ ಅವರ ಎರಡು ಬೆರಳುಗಳನ್ನು ನೋಡಿದಳು. ಹದಿನಾಲ್ಕು ತಿಂಗಳಲ್ಲಿ ಅವರಿಬ್ಬರೂ ಒಂದು ಸಲವೂ ಜಗಳವಾಡಿರಲಿಲ್ಲ. ಅಪ್ಪ ಮೃದುವಾಗಿದ್ದಾರೆ, ಕಾಯಿಲೆ ಅವರನ್ನು ತಣ್ಣಗೆ ಮಾಡಿದೆ ಎಂದು ಅವಳು ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ಅವರು ತಣ್ಣಗಾಗಿರಲಿಲ್ಲ. ಸರದಿಗಾಗಿ ಕಾದು ಕೂತಿದ್ದರು.

ಅವಳು ಕಣ್ಣೊರೆಸಿಕೊಂಡು ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು. ಎರಡು ದನಿಗೂ ಒಂದೊಂದು ಗುಂಡಿ ಗೊತ್ತುಮಾಡಿದಳು. ಹಗಲೆಲ್ಲ ಹೊರಗೆ ಡಬ್ಬ. ಮನೆಗೆ ಬಂದು ಊಟಕ್ಕೆ ಕೂತ ಮೇಲೆ ಹಳೆಯ ದನಿ, ಉಪ್ಪಿಗೆ ಅವಸರವೇನಿಲ್ಲ ಎಂದಳು.

ಶನಿವಾರ ಮೇಸ್ತ್ರಿ ವರ್ಕ್‌ಶಾಪಿನ ಬಾಗಿಲಲ್ಲಿ ಕಾಲಿಡುತ್ತಲೇ ಮೂಲೆಗೆ ಒರಗಿಸಿಟ್ಟ ಶಾಫ್ಟ್ ಕಂಡರು. ಕೈಯಲ್ಲಿ ಹಿಡಿದು ನೋಡುವುದೂ ಬೇಕಿರಲಿಲ್ಲ, ನಡು ಬಾಗಿದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಬುಧವಾರವೇ ಹಾಳಾಗಿತ್ತಂತೆ. ಎರಡನೆಯ ಶಾಫ್ಟಿನ ಸರಳು ಮೇಜಿನ ಪಕ್ಕದಲ್ಲಿ ಮಲಗಿತ್ತು.

ಚಹಾ ಬಂತು. ಸರಿಸರ್‌ಗೆ ಜವಾಬ್ದಾರಿ ವಹಿಸುವಾಗ ಓದಲೆಂದು ಮಾಲೀಕರು ಒಂದು ಕಾಗದ ಬರೆದುಕೊಂಡು ಬಂದಿದ್ದರು. ಅದನ್ನು ಬಿಚ್ಚಿಟ್ಟುಕೊಂಡು, ಮೊದಲು ಈ ಶಾಫ್ಟಿನ ವಿಚಾರ ಮುಗಿಸಿಬಿಡೋಣ, ಈ ಸಲ ವೇಗ ಕಡಿಮೆ ಇಟ್ಟು ಮೆಲ್ಲಗೆ ಕಡೆದರೆ ಬಾಗುವುದಿಲ್ಲ ಎಂದರು. ಸರಿಸರ್ ಬಾಯಿ ತೆರೆದ.

“ಬಾಗುತ್ತೆ” ಎಂಬ ದನಿ ಬಂತು.

ಎಲ್ಲರೂ ಬಾಗಿಲ ಕಡೆ ನೋಡಿದರು, ಯಾರೋ ಹೊರಗಿನವರು ಬಂದರೆಂದು. ಆಮೇಲೆ ಮೇಸ್ತ್ರಿಯ ಕಡೆ ನೋಡಿದರು.

“ಮೇಸ್ತ್ರಿ, ಇದೇನು ನಿಮ್ಮ ದನಿ...” ಎಂದು ಮಾಲೀಕರು ಶುರುಮಾಡಿದರು.

“ದನಿ ಬಿಡಿ. ನಡುವೆ ಆಸರೆ ಕಟ್ಟಿ. ಇಲ್ಲಾಂದ್ರೆ ಮೂಲೇಲಿ ಎರಡು ನಿಲ್ಲುತ್ತೆ.”

“ಅದಕ್ಕೆ ಒಂದು ದಿನ ಹೋಗುತ್ತಲ್ಲ ಮೇಸ್ತ್ರಿ, ಪಂಪಿನವರು ಸೋಮವಾರ...”

“ಒಂದು ದಿನ ಬುಧವಾರಾನೇ ಹೋಯ್ತು. ಹೋದ ಶನಿವಾರ ನಾನು ಬೇಡ ಅಂದಿದ್ದು ಇದಕ್ಕೇ. ನಿಮ್ಮ ಪ್ರಶ್ನೆಗಲ್ಲ.”

ಮಾಲೀಕರ ಲೋಟ ಅರ್ಧಕ್ಕೆ ನಿಂತಿತು. ಅವರ ಮುಖದ ಮೇಲೆ ಒಂದೊಂದಾಗಿ ಏನೇನೋ ಹಾದುಹೋದದ್ದನ್ನು ಮೇಸ್ತ್ರಿ ನೋಡುತ್ತ ಕೂತರು. ನಿರಾಳ ಮಾತ್ರ ಎಲ್ಲೂ ಇರಲಿಲ್ಲ. ಇದ್ದದ್ದು ಸಿಡುಕು, ಮೂವತ್ತು ವರ್ಷ ಪ್ರತಿ ಶನಿವಾರ ಇದ್ದಂಥ ಹಳೆಯ ಸಿಡುಕು. ಮಾತಾಡುವವರ ಜೊತೆ ಮಾತ್ರ ಬರುವಂಥದ್ದು.

“ನನಗೂ ಗೊತ್ತು ಸ್ವಾಮಿ, ಆಸರೆ ಕಟ್ಟಿದ್ರೆ ಒಳ್ಳೇದು ಅಂತ” ಎಂದರು ಮಾಲೀಕರು, ದನಿ ಏರಿಸಿ. “ಆದರೆ ಚೌಕಟ್ಟು ಕಟ್ಟೋರು ಯಾರು, ನೀವು ತಿಂಗಳ ಕೊನೆಗೆ ಹೋಗೋರು...”

“ನಾನೇ ಕಟ್ಟಿಸ್ತೀನಿ. ಎಲ್ಲೂ ಹೋಗಲ್ಲ.”

ಮಾಲೀಕರು ಕಾಗದ ನೋಡಿದರು, ಶಾಫ್ಟ್ ನೋಡಿದರು. ಕಾಗದವನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಇಳಿಸಿ, ಹಾಗಾದರೆ ಇವತ್ತೇ ಕಟ್ಟಿಸಿ ಎಂದರು. ಸರಿಸರ್ ಅಭ್ಯಾಸಬಲದಿಂದ “ಸರಿ ಸರ್” ಎಂದ, ಈ ಸಲ ಮೇಸ್ತ್ರಿಯನ್ನು ನೋಡಿಕೊಂಡು.

ಎಲ್ಲರೂ ಲೋಟ ಇಟ್ಟು ಎದ್ದರು. ಚೌಕಟ್ಟಿನ ಬೋಲ್ಟುಗಳು ಯಾವ ಡಬ್ಬಿಯಲ್ಲಿವೆ, ಅದನ್ನು ಹೋದ ಸಲ ತೊಳೆಯದೆ ಇಟ್ಟವರು ಯಾರು, ಯಂತ್ರದ ಅಡಿ ವಾರದಿಂದ ಯಾಕೆ ಗುಡಿಸಿಲ್ಲ ಎಂದು ಡಬ್ಬದ ದನಿ ಅವರ ಬೆನ್ನಿಗೇ ಹೊರಟಿತು, ಬಿಡುವಿಲ್ಲದೆ. ಮೂರನೇ ಯಂತ್ರದ ಟರ್ನರ್ ಪೊರಕೆ ಕೈಗೆತ್ತಿಕೊಂಡು, ಪಕ್ಕದವನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಅಂದ.

“ಶುರುವಾಯ್ತಪ್ಪ, ರೇಡಿಯೊ.”

“ಕೇಳಿಸ್ತು” ಎಂದರು ಮೇಸ್ತ್ರಿ.